ಹಿಂಡಿ ಉಂಡ ಮಲ್ಲಿಗೆ

“ಬುದ್ಧೀ, ನನ್ನ ಮಗಳಿಗೆ ನಾನು ಇನ್ನೇನು ಕೊಡ್ಲಿ?” ಎಂದು ಮರಿದೇವಯ್ಯ ಕೇಳಿದ.

ಮರಿದೇವಯ್ಯ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟವನು, ಮಠದ ಹಳೆಯ ಶಿಷ್ಯ. ಅವನ ಮಗಳು ದಾಕ್ಷಾಯಿಣಿ ಗಂಡನನ್ನು ಕಳೆದುಕೊಂಡು ಮಳೆಗಾಲದ ಮೊದಲಲ್ಲಿ ತವರಿಗೆ ಬಂದಿದ್ದಳು. ಬಂದವಳೇ ಹಿಂದಿನ ಕೋಣೆ ಸೇರಿದಳು. ಊಟಕ್ಕೆ ಕರೆದರೆ ಬರುತ್ತಿದ್ದಳು. ಒಂದಷ್ಟು ಉಂಡು ಮತ್ತೆ ಒಳಗೆ ಹೋಗಿ ಅಗುಳಿ ಹಾಕಿಕೊಳ್ಳುತ್ತಿದ್ದಳು. ಮಾತಿಲ್ಲ. ಅಳುವುದೂ ಇಲ್ಲ.

ಮರಿದೇವಯ್ಯ ಕೈಕಟ್ಟಿ ಕೂರುವ ತಂದೆಯಲ್ಲ. ಕೈಗೆ ಕೆಲಸವಿದ್ದರೆ ಮನಸ್ಸು ಹಗುರಾದೀತೆಂದು ಹೊಲಿಗೆ ಯಂತ್ರ ತಂದ. ಹಾಲು ಕರೆಯುವ ನೆವದಲ್ಲಾದರೂ ಅಂಗಳಕ್ಕೆ ಬರಲಿ ಎಂದು ಕರು ಸಮೇತ ಹಸು ತಂದ. ನೆಂಟರ ಮನೆಯ ಕೂಸನ್ನು ತಂದು ಅವಳ ಮಡಿಲಲ್ಲಿ ಇಟ್ಟ. ಭಜನೆಯವರನ್ನು ಕರೆಸಿದ, ಅವರು ಅವಳ ಬಾಗಿಲ ಮುಂದೆ ಮನಸಾರೆ ತಾಳ ಕುಟ್ಟಿ, ಕಾಫಿ ಕುಡಿದು ಹೋದರು. ಅಂದು ಅವಳು ಬಾಗಿಲು ತೆರೆದು, “ಅಪ್ಪಾ, ನನ್ನ ಪಾಡಿಗೆ ನನ್ನ ಬಿಡಿ” ಎಂದಳು. ತವರಿಗೆ ಬಂದ ಮೇಲೆ ಅವಳು ಆಡಿದ ಮಾತು ಅದೊಂದೇ. ಮಾತಾಡಿದಳಲ್ಲ ಎಂದು ಮರಿದೇವಯ್ಯನಿಗೆ ಹುರುಪು ಬಂತು. ಮರುದಿನವೇ ಕಾಶಿಗೆ ರೈಲಿನ ಟಿಕೆಟ್ ತೆಗೆಸಿದ. ಈಗ ಆ ಟಿಕೆಟ್‌ಗಳನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಅಪ್ಪಣೆ ಕೇಳಲು ಮಠಕ್ಕೆ ಬಂದಿದ್ದ.

ಗುರುಗಳು ಅವನನ್ನೇ ನೋಡಿದರು. “ಪಾತ್ರೆ ಅಂಗಡಿಯವನಲ್ವೇನಯ್ಯ ನೀನು. ಖಾಲಿ ಕಂಡಿದ್ದನ್ನೆಲ್ಲ ತುಂಬ್ಸೋಣ ಅನ್ಸುತ್ತೆ. ಕೂತ್ಕೋ. ಟಿಕೆಟ್ ಜೇಬಲ್ಲೇ ಇರ್ಲಿ, ಒಂದು ಕತೆ ಕೇಳು” ಎಂದರು. ಮರಿದೇವಯ್ಯ ಚಾಪೆಯ ಮೇಲೆ ಕುಳಿತ. ಗುರುಗಳು ಹೇಳತೊಡಗಿದರು.

ಎತ್ತರದ ಬಯಲಿನ ಒಂದು ಊರಿನಲ್ಲಿ ಎಣ್ಣೆಗಾಣದ ಯಜಮಾನನೊಬ್ಬ ಇದ್ದ. ಬೆಳಗಾದರೆ ಗಾಣ, ಕತ್ತಲಾದರೆ ನಿದ್ದೆ. ಎತ್ತು ಸುತ್ತಿದ ಹಾಗೆ ಅವನೂ ಸುತ್ತಿಕೊಂಡಿದ್ದ. ಅವನ ಹೆಂಡತಿ ಗಾಣದ ಹಿಂದಿನ ಬರಡು ಜಾಗದಲ್ಲಿ ಒಂದು ಹೂದೋಟ ಮಾಡಿದ್ದಳು. ದೊಡ್ಡದೇನಲ್ಲ. ನಡುವೆ ಒಂದು ಚೌಕ ಹಸಿರು ಹುಲ್ಲುಹಾಸು, ಅದರ ಅಂಚಿಗೆ ಸಾಲಾಗಿ ಮಲ್ಲಿಗೆ ಗಿಡ. ಸಂಜೆ ಅವಳು ಆ ಹುಲ್ಲಿನ ಮೇಲೆ ಕುಳಿತು ಹೂ ಕಟ್ಟುತ್ತಿದ್ದಳು. ಅವನು ಗಾಣದ ಮೇಲಿಂದಲೇ ಅವಳನ್ನು ನೋಡುತ್ತಿದ್ದ. ಇಷ್ಟು ವರ್ಷದಲ್ಲಿ ಒಂದು ದಿನವೂ ಇಳಿದು ಹೋಗಿ ಪಕ್ಕದಲ್ಲಿ ಕೂರಲಿಲ್ಲ. ಕೂರಬಾರದೆಂದೇನೂ ಇರಲಿಲ್ಲ, ನಾಳೆ ಕೂತರಾಯಿತು ಎಂದುಕೊಂಡಿದ್ದ.

ಒಂದು ಮಳೆಗಾಲದಲ್ಲಿ ಅವಳು ಹಾಸಿಗೆ ಹಿಡಿದಳು. ಆಗ ಅವನು ಗಾಣ ಬಿಟ್ಟು ಅವಳ ಪಕ್ಕ ಕೂತ. ಗಂಜಿ, ಹಾಲು, ಕಷಾಯ ಎಂದು ಗಳಿಗೆಗೊಂದು ತಂದು ಬಾಯಿಗಿಟ್ಟ. ಒಂದು ತುತ್ತು ಹೆಚ್ಚು ಹೋದರೆ ಒಂದು ದಿನ ಹೆಚ್ಚು ಉಳಿದಾಳು ಎಂಬುದು ಅವನ ಲೆಕ್ಕ. ಕೊನೆಯ ದಿನ ಅವಳು ಮುಖ ತಿರುಗಿಸಿ, “ಸಾಕು” ಎಂದಳು. ಅವನು ಇನ್ನೊಂದು ಚಮಚ ಎತ್ತಿದ. ಅದು ಎತ್ತಿದ ಹಾಗೇ ಉಳಿಯಿತು.

ಊರವರು ಬಂದರು, ಕಾರ್ಯ ಮುಗಿಯಿತು, ಎಲ್ಲರೂ ಹೊರಟುಹೋದರು. ಮನೆಯಲ್ಲಿ ಉಳಿದದ್ದು ಅವನು ಮತ್ತು ಅವನ ಅಕ್ಕ. ಹೆಂಡತಿಯದು ಎಂದು ಹೇಳಿಕೊಳ್ಳಲು ಉಸಿರಾಡುವಂಥದ್ದು ಇನ್ನೇನೂ ಇರಲಿಲ್ಲ, ಆ ತೋಟ ಒಂದನ್ನು ಬಿಟ್ಟರೆ. ಅವನು ಅಳಲಿಲ್ಲ. ತೋಟ ಒಂದು ಉಳಿದರೆ ಸಾಕೆಂದು ಅದನ್ನೇ ಜೀವಕ್ಕೆ ಕಟ್ಟಿಕೊಂಡ.

ಆ ಊರಿನ ಹೂದೋಟಗಳಿಗೆ ಒಂದು ಪದ್ಧತಿ ಇತ್ತು. ಮಳೆ ನಿಂತು ದೀಪಾವಳಿ ಕಳೆದ ಮೇಲೆ, ಚಳಿ ಶುರುವಾಗುವ ಮುಂಚೆ, ಗಿಡಗಳ ಬುಡ ಬಿಡಿಸಿ ಗೊಬ್ಬರ ಕೊಡುತ್ತಿದ್ದರು. ತಿಪ್ಪೆಯ ತಳದಲ್ಲಿ ಚೆನ್ನಾಗಿ ಕಳಿತ ಹಳೆಯ ಗೊಬ್ಬರ. ಅದನ್ನೇ ಜರಡಿ ಹಿಡಿದು ಹುಲ್ಲಿನ ಮೇಲೂ ತೆಳ್ಳಗೆ ಉದುರಿಸುತ್ತಿದ್ದರು. ಬುಡ ಮುಚ್ಚಿ, ಒಮ್ಮೆ ನೀರು ಬಿಟ್ಟು, ತೋಟದ ಬಾಗಿಲಿಗೆ ಜಾಲಿಯ ಮುಳ್ಳುಕೊಂಬೆಯೊಂದನ್ನು ಅಡ್ಡ ಇಡುತ್ತಿದ್ದರು. ತೋಟ ಮಲಗಿತು ಎಂದು ಅರ್ಥ. ನೆಲ ತೀರಾ ಒಣಗಿದರೆ ಬೇಲಿಯ ಹೊರಗಿನಿಂದ ಕಾಲುವೆಗೆ ಒಂದಿಷ್ಟು ನೀರು ಬಿಡುತ್ತಿದ್ದರು, ಅಷ್ಟೇ. ಬಿಸಿಲು ಮರಳಿ ಚಿಗುರು ಕಾಣುವವರೆಗೆ ಆ ಕೊಂಬೆ ದಾಟಿ ಮನುಷ್ಯರು ಒಳಗೆ ಹೋಗುತ್ತಿರಲಿಲ್ಲ.

ಹೆಂಡತಿ ಅದನ್ನೆಲ್ಲ ಮಾಡುವುದನ್ನು ಅವನು ಗಾಣದ ಮೇಲಿಂದ ನೋಡಿದ್ದ. ಈ ಸಲ ತಾನೇ ಮಾಡಿದ. ಕಳೆ ಕೀಳುವ ಅವಳ ಒರಕುದ್ದಲಿಯನ್ನೇ ಹಿಡಿದು, ಬೇರಿಗೆ ಏಟು ಬೀಳದ ಹಾಗೆ ಬುಡ ಬಿಡಿಸಿದ. ಅವಳ ಬುಟ್ಟಿಯಲ್ಲೇ ಗೊಬ್ಬರ ತಂದು ಹಾಕಿದ. ಹುಲ್ಲಿಗೂ ಉದುರಿಸಿದ. ಮಣ್ಣು ಮುಚ್ಚಿ ಕೈಯಿಂದ ತಟ್ಟಿದ. ಎಲ್ಲವನ್ನೂ ಸರಿಯಾಗಿ ಮಾಡಿದ, ಮರಿದೇವಯ್ಯ, ಅದನ್ನು ನೆನಪಿಟ್ಟುಕೋ. ಕೊನೆಗೆ ಬಾಗಿಲಿಗೆ ಮುಳ್ಳುಕೊಂಬೆ ಅಡ್ಡ ಇಟ್ಟು ಕೈ ತೊಳೆದುಕೊಂಡ. ಅಂದು ಅವನ ಮನಸ್ಸಿಗೆ ಸ್ವಲ್ಪ ನೆಮ್ಮದಿ ಆಯಿತು.

ಚಳಿ ಬಂತು. ಹುಲ್ಲಿನ ಹಸಿರು ಮಾಸಿ ಹುಲ್ಲುಹಾಸು ಗೋಣಿಚೀಲದ ಬಣ್ಣಕ್ಕೆ ತಿರುಗಿತು. ಮಲ್ಲಿಗೆಯ ಎಲೆ ಹಳದಿಯಾಗಿ ಒಂದೊಂದೇ ಉದುರಿತು. ಕೊನೆಗೆ ಕಡ್ಡಿಗಳು ಮಾತ್ರ ನಿಂತವು.

ಪ್ರತಿ ವರ್ಷವೂ ಹಾಗೇ ಆಗುತ್ತಿತ್ತು. ಅವನು ಕಂಡಿರಲಿಲ್ಲ. ಹೆಂಡತಿ ಕಣ್ಣ ಮುಂದೆ ಓಡಾಡಿಕೊಂಡಿದ್ದಾಗ ಗಿಡದ ಎಲೆ ಯಾರು ನೋಡುತ್ತಾರೆ? ಈ ವರ್ಷ ಅವನ ಕಣ್ಣಿಗೆ ಬೇರೆ ಕೆಲಸ ಇರಲಿಲ್ಲ. ಗಾಣದ ಮೇಲೆ ಕೂತು ದಿನವಿಡೀ ಆ ಕಡ್ಡಿಗಳನ್ನೇ ನೋಡಿದ. ಉದುರಿದ ಒಂದೊಂದು ಎಲೆಗೂ ಅವನ ಎದೆ ಧಸಕ್ಕೆಂದಿತು. ಅಕ್ಕ ಬಡಿಸಿಟ್ಟ ತಟ್ಟೆ ಹಾಗೇ ಆರುತ್ತಿತ್ತು. ಅರ್ಧ ಊಟಕ್ಕೆ ಎದ್ದು ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದ.

ಅವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು, ಎತ್ತು. ಗಾಣದ ಎತ್ತು ಸೋತು ಮಲಗಿದರೆ ಹಿಂಡಿ ನೆನೆಸಿ ಇಡಬೇಕು. ಎಣ್ಣೆ ತೆಗೆದ ಮೇಲೆ ಉಳಿಯುವ ಕಡಲೆಕಾಯಿ ಹಿಂಡಿ. ಬಾನಿ ತುಂಬ ಕುಡಿಸಿದರೆ ಎಂಥ ಸೋತ ಎತ್ತೂ ಮರುದಿನ ಎದ್ದು ನೊಗಕ್ಕೆ ಕತ್ತು ಕೊಡುತ್ತದೆ. ಅವನ ಅಪ್ಪನೂ ಹಾಗೇ ಮಾಡಿದ್ದ, ಅಜ್ಜನೂ ಹಾಗೇ ಮಾಡಿದ್ದ. ಗಿಡ ಸೋತಿದೆ, ತನ್ನ ಮನೆಯಲ್ಲಿ ಹಿಂಡಿ ರಾಶಿ ಬಿದ್ದಿದೆ. ಇನ್ನೇನು ಯೋಚನೆ?

ಅವನು ಹಿಂಡಿಯ ಕುಕ್ಕೆ ಹೊತ್ತು ಬಂದು ಮುಳ್ಳುಕೊಂಬೆಗೆ ಕೈ ಹಾಕಿದ. ಅಕ್ಕ ಹಿತ್ತಿಲಿಂದ ಕಂಡು ಓಡಿ ಬಂದಳು.

“ಕೊಂಬೆ ಇಟ್ಮೇಲೆ ಒಳಗೆ ಹೋಗ್ಬಾರ್ದು ಕಣಪ್ಪ. ಗಿಡ ಮಲಗೈತೆ” ಎಂದಳು.

“ಮಲಗೈತೋ ಸತ್ತೈತೋ ಹೆಂಗೆ ತಿಳ್ಕೊಳ್ಳದು ಅಕ್ಕ?”

“ಈಗ ತಿಳಿಯಾಕಿಲ್ಲ. ಕಾಯ್ಬೇಕು.”

“ಅವ್ಳೂ ಹಿಂಗೇ ಮಲಗಿದ್ಲು” ಎಂದ ಅವನು.

ಅವನು ಕೊಂಬೆ ಸರಿಸಿ ಒಳಗೆ ಹೋದ. ಹಿಂಡಿ ಪುಡಿ ಮಾಡಿ ಬುಡಕ್ಕೆ ಸುರಿದ, ನೀರು ಬಿಟ್ಟ.

ನಡುವೆ ಕೆಲವು ದಿನ ಬಿಸಿಲು ಚುರುಕಾಗಿತ್ತು. ನೀರೂ ಇತ್ತು, ಹಿಂಡಿಯ ಕಾವೂ ಇತ್ತು. ಮಲ್ಲಿಗೆಯ ಕಡ್ಡಿಗಳಲ್ಲಿ ಚಿಗುರು ಒಡೆಯಿತು. ತೆಳು ಹಸಿರು, ಮುಟ್ಟಿದರೆ ಮುರಿಯುವಷ್ಟು ಎಳೆಯದು. ಅವನಿಗೆ ಅವನ ಹೆಂಡತಿಯೇ ಎದ್ದು ಕೂತಂತಾಯಿತು. ಗಾಣ ನಿಲ್ಲಿಸಿ ಓಣಿಯವರನ್ನೆಲ್ಲ ಕರೆದು ತೋರಿಸಿದ. ಅವರು ನೋಡಿ, ಅವನ ಮುಖವನ್ನೂ ನೋಡಿ, ಚೆನ್ನಾಗಿದೆ ಎಂದು ಹೇಳಿ ಹೋದರು. ಅಂಥ ಮುಖದೆದುರು ಇನ್ನೇನು ಹೇಳುತ್ತಾರೆ? ಅಂದು ಅವನು ಹೊಟ್ಟೆ ತುಂಬ ಉಂಡ.

ಪುಷ್ಯದ ಚಳಿ ಬಿತ್ತು. ಆ ಬಯಲಿನಲ್ಲಿ ಪುಷ್ಯದ ಮಂಜು ಬೆಂಕಿಯಂತೆ ಸುಡುತ್ತದೆ. ಬಲಿತ ಕಡ್ಡಿಗೆ ಅದರಿಂದ ಏನೂ ಆಗದು. ಎಳೆ ಚಿಗುರು ಒಂದೇ ಬೆಳಗಿಗೆ ಕಪ್ಪಾಗಿ ಜೋತುಬಿತ್ತು.

ಚಳಿ ಸುಟ್ಟಿತು ಎಂದು ಅವನಿಗೆ ತೋಚಲಿಲ್ಲ. ಹಿಂಡಿ ಸಾಲಲಿಲ್ಲ ಎಂದೇ ತೋಚಿತು.

ಈ ಸಲ ಬಾನಿಯಲ್ಲಿ ಹಿಂಡಿ ನೆನೆಸಿ, ಉಕ್ಕಿ ಹುಳಿ ನಾತ ಬರುವವರೆಗೆ ಬಿಟ್ಟು, ಆ ಗಟ್ಟಿ ನೀರನ್ನು ಬುಡಬುಡಕ್ಕೆ ಹೊಯ್ದ. ಹುಲ್ಲಿನ ಮೇಲೂ ಚೆಲ್ಲಿದ. ಎತ್ತಿನ ಪಾಲಿನ ಹಿಂಡಿಯೂ ತೋಟಕ್ಕೆ ಹೋಯಿತು. ಬಾನಿ ತನ್ನ ಮುಂದೆ ಹಾದುಹೋಗುವಾಗ ಎತ್ತು ಕತ್ತು ಚಾಚಿ ನೋಡುತ್ತಿತ್ತು. ಗಿಡ ಇನ್ನೊಮ್ಮೆ ಚಿಗುರಿತು, ಮೊದಲಿನಷ್ಟಲ್ಲ. ಅದೂ ಸುಟ್ಟಿತು. ಅವನು ಮತ್ತೆ ಹೊಯ್ದ. ಆಮೇಲೆ ಚಿಗುರು ಬರುವುದು ನಿಂತಿತು.

ಗಿಡ ಬದುಕಿದೆಯೋ ಇಲ್ಲವೋ ನೋಡಲು ಅವನು ಉಗುರಿನಿಂದ ಕಡ್ಡಿಯ ಸಿಪ್ಪೆ ಕೆರೆಯುತ್ತಿದ್ದ. ಒಳಗೆ ಹಸಿರು ಕಾಣುತ್ತಿತ್ತು. ಅದನ್ನು ಕಂಡವನು ಸುಮ್ಮನಿರಬಹುದಿತ್ತು. ಇನ್ನೂ ಜೀವ ಇದೆ, ಈಗಲೇ ಏನಾದರೂ ಮಾಡಬೇಕು ಎಂದು ಮತ್ತೆ ಬಾನಿಯ ಕಡೆಗೆ ಓಡುತ್ತಿದ್ದ. ಕೆರೆದೂ ಕೆರೆದೂ ಕಡ್ಡಿಗಳ ಮೈಯೆಲ್ಲ ಗಾಯವಾಗಿತ್ತು. ತೋಟದಿಂದ ಕೊಳೆತ ನಾತ ಹೊಡೆಯುತ್ತಿತ್ತು. ಮುಳ್ಳುಕೊಂಬೆ ಬೇಲಿಯ ಬದಿಯಲ್ಲಿ ಬಿದ್ದಿತ್ತು. ದಿನಾ ತೆಗೆದು ಇಡುವುದು ಯಾಕೆಂದು ಅವನು ಅದನ್ನು ಅಲ್ಲೇ ಎಸೆದಿದ್ದ.

ಒಂದು ಮಧ್ಯಾಹ್ನ ಅಕ್ಕ ತೋಟದ ಬಾಗಿಲಲ್ಲಿ ಅವನಿಗೆ ಅಡ್ಡ ನಿಂತಳು. ಬಾನಿಯ ಅಂಚು ಹಿಡಿದುಕೊಂಡಳು. ಅವಳಿಗೂ ವಯಸ್ಸಾಗಿತ್ತು.

“ಸಾಕು ಕಣಪ್ಪ” ಎಂದಳು.

ಅವನು ನಿಂತುಬಿಟ್ಟ. ಆ ಮಾತನ್ನು ಅವನು ಹಿಂದೆ ಕೇಳಿದ್ದ. ಅದೇ ಮೆಲ್ಲನೆಯ ದನಿ, ಅದೇ ದಣಿವು. ಅಲ್ಲಿ, ಆ ಗಳಿಗೆಯಲ್ಲಿ, ಬಾನಿ ಕೆಳಗಿಟ್ಟು ಅವನು ಕೂತು ಅತ್ತಿದ್ದರೆ ತೋಟ ಉಳಿಯುತ್ತಿತ್ತೋ ಏನೋ. ಅವನು ಅಳಲಿಲ್ಲ. ಅಕ್ಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಒಳಗೆ ಹೋಗಿ, ಬಾನಿಯಲ್ಲಿದ್ದದ್ದನ್ನೆಲ್ಲ ಸುರಿದ.

ಬಿಸಿಲು ಮರಳಿತು. ಓಣಿಯ ತೋಟಗಳಲ್ಲಿ ಚಿಗುರು ಕಾಣಿಸಿತು. ಜನ ತಮ್ಮ ತಮ್ಮ ಬಾಗಿಲಿನ ಮುಳ್ಳುಕೊಂಬೆ ತೆಗೆದು ಒಲೆಗೆ ಹಾಕಿದರು. ಗೋಣಿಯ ಬಣ್ಣದ ಹುಲ್ಲುಗಳೆಲ್ಲ ಬುಡದಿಂದ ಹಸಿರಾದವು. ಪಕ್ಕದ ಮನೆಯ ಮಲ್ಲಿಗೆ ಬೇಲಿ ದಾಟಿ ಈಚೆಗೆ ಬಾಗಿತು. ಆ ಮನೆಯವರು ಚಳಿಗಾಲದಲ್ಲಿ ಏನೂ ಮಾಡಿರಲಿಲ್ಲ. ಉಂಡು ಮಲಗಿದ್ದರು.

ಇವನ ತೋಟದಲ್ಲಿ ಏನೂ ಏಳಲಿಲ್ಲ.

ಅವನು ಕಾದ. ಈಗ ಕಾದ, ನೋಡು! ಕಾಯಬೇಕಾದಾಗ ಕಾಯದವನು ಎಲ್ಲ ಮುಗಿದ ಮೇಲೆ ಬಾಗಿಲಲ್ಲಿ ಕೂತು ಕಾದ. ಸಿಪ್ಪೆ ಕೆರೆದರೆ ಒಳಗೂ ಕಂದು. ಕಡ್ಡಿ ಬಗ್ಗಿಸಿದರೆ ಲಟಕ್ಕೆಂದು ಮುರಿಯಿತು. ಹುಲ್ಲನ್ನು ಹಿಡಿದು ಎಳೆದರೆ ಹರಿದ ಚಾಪೆಯ ಹಾಗೆ ಎದ್ದು ಬಂತು.

ಕೊನೆಗೆ ಒರಕುದ್ದಲಿ ತಂದು ಮೊದಲ ಗಿಡದ ಬುಡ ಅಗೆದ. ಮೇಲೆ ಹಿಂಡಿ ಹೆಪ್ಪುಗಟ್ಟಿ ಬೂಷ್ಟು ಹಿಡಿದಿತ್ತು. ಅದರ ಕೆಳಗೆ ಮಣ್ಣು ಕಪ್ಪಾಗಿ ನಾರುತ್ತಿತ್ತು. ಇನ್ನೂ ಕೆಳಗೆ, ದೀಪಾವಳಿ ಕಳೆದ ಮೇಲೆ ತಾನು ಮೊದಲು ಹಾಕಿದ ಹಳೆಯ ಗೊಬ್ಬರ ಸಿಕ್ಕಿತು. ಅವನು ಅದನ್ನು ಕೈಯಲ್ಲಿ ಎತ್ತಿದ. ಅದು ಪುಡಿಯಾಗಿ ಉದುರಲಿಲ್ಲ. ಇಡೀ ಮುದ್ದೆಯಾಗಿ ಎದ್ದು ಬಂತು.

ಅದರ ತುಂಬ ಬೇರಿತ್ತು. ಕೂದಲಿನಷ್ಟು ಸಣ್ಣ ಬೇರುಗಳು ಆ ಗೊಬ್ಬರದ ಒಳಗೆಲ್ಲ ಹೆಣೆದುಕೊಂಡಿದ್ದವು. ಮೇಲೆ ಎಲೆ ಉದುರುತ್ತಿದ್ದಾಗ, ಅವನು ಬೇಲಿಯ ಹತ್ತಿರ ನಿಂತು ಎದೆ ಒಡೆದುಕೊಳ್ಳುತ್ತಿದ್ದಾಗ, ಗಿಡ ಕೆಳಗೆ ಅವನು ಕೊಟ್ಟದ್ದನ್ನು ಉಣ್ಣುತ್ತಿತ್ತು. ಬರುವ ವರ್ಷಕ್ಕೆ ಬೇರು ಬಿಡುತ್ತಿತ್ತು. ಆ ಮೊದಲ ಬುಟ್ಟಿ ಸಾಕಾಗಿತ್ತು. ಈಗ ಆ ಬೇರುಗಳೆಲ್ಲ ಸುಟ್ಟು ಕರಟಿದ್ದವು.

ಅವನು ಎರಡನೆಯ ಗಿಡ ಅಗೆದ. ಅಲ್ಲೂ ಹಾಗೇ ಇತ್ತು. ಮೂರನೆಯದನ್ನು ಅಗೆಯುವ ಧೈರ್ಯ ಆಗಲಿಲ್ಲ. ಆ ಮುದ್ದೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಹೆಂಡತಿ ಹೂ ಕಟ್ಟುತ್ತಿದ್ದ ಜಾಗದಲ್ಲಿ ಕೂತ. ಇಷ್ಟು ವರ್ಷದಲ್ಲಿ ಅವನು ಅಲ್ಲಿ ಕೂತದ್ದು ಅದೇ ಮೊದಲು. ಕೆಳಗೆ ಹುಲ್ಲಿರಲಿಲ್ಲ, ಪಕ್ಕದಲ್ಲಿ ಅವಳಿರಲಿಲ್ಲ. ಅಕ್ಕ ಊಟಕ್ಕೆ ಕರೆದಳು. ಅವನಿಗೆ ಕೇಳಿಸಲಿಲ್ಲ.

ಸಂಜೆ ಎದ್ದು, ಬೇಲಿಯ ಬದಿಯಲ್ಲಿ ಬಿದ್ದಿದ್ದ ಮುಳ್ಳುಕೊಂಬೆಯನ್ನು ತಂದು ಬಾಗಿಲಿಗೆ ಅಡ್ಡ ಇಟ್ಟ. ಊರಿನ ಬಾಗಿಲುಗಳೆಲ್ಲ ತೆರೆದಿದ್ದ ಕಾಲದಲ್ಲಿ ಅವನ ಬಾಗಿಲು ಮುಚ್ಚಿತು. ಅದನ್ನು ಮತ್ತೆ ಯಾರೂ ತೆಗೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರಿದೇವಯ್ಯನಿಗೆ ತನ್ನ ಮನೆಯ ಹಿಂದಿನ ಕೋಣೆ ಕಣ್ಣಿಗೆ ಕಟ್ಟಿತು. ಬಾಗಿಲ ಪಕ್ಕ ಬಟ್ಟೆ ಮುಚ್ಚಿಟ್ಟ ಹೊಲಿಗೆ ಯಂತ್ರ, ಅಂಗಳದಲ್ಲಿ ಕೂಗುವ ಕರು. ಇವತ್ತು ಬೆಳಗ್ಗೆಯೂ ಅವನು ಆ ಬಾಗಿಲು ತಟ್ಟಿ ಬಂದಿದ್ದ. ಮೊದಮೊದಲು ಒಳಗಿಂದ ಬಳೆಯಿಲ್ಲದ ಕೈ ಅಗುಳಿ ತೆಗೆಯುವ ಸದ್ದು ಬರುತ್ತಿತ್ತು. ಇತ್ತೀಚೆಗೆ ಅದೂ ಬರುತ್ತಿರಲಿಲ್ಲ.

ಆದರೂ ಅವನಿಗೆ ಒಂದು ಮಾತು ಬಗೆಹರಿಯಲಿಲ್ಲ.

“ಬುದ್ಧೀ, ಬೇರು ಆಗ್ಲೇ ಉಣ್ತಾ ಇತ್ತು ಅಂದ್ರಿ. ಹಾಗಾದ್ರೆ ಗಿಡ ಹಸ್ದಿದೆ ಅಂತ ಅವ್ನಿಗೆ ಅನ್ಸಿದ್ದು ಹೆಂಗೆ? ಆ ಹಸಿವು ಅವ್ನಿಗೆ ಎಲ್ಲಿ ಕಾಣಿಸ್ತು?”

ಗುರುಗಳು ಅವನ ಜೇಬಿನ ಕಡೆ ನೋಡಿದರು.

“ಹಸಿದಿದ್ದವನು ಅವನು, ಮರಿದೇವಯ್ಯ, ಉಣಿಸಿದ್ದು ಗಿಡಕ್ಕೆ.”